ಜಿಲ್ಲಾಧಿಕಾರಿಗಳೇ, ನನ್ನ ತಂಗಿ ಇನ್ನೂ ಆ ನಂಬರಿಗೆ ರೀಚಾರ್ಜ್ ಮಾಡಿಸುತ್ತಾಳೆ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಯಾವ ಜಿಲ್ಲೆ ಅಂತ ಬರೆದಿಲ್ಲ. ಬೇಕಂತಲೇ ಬರೆದಿಲ್ಲ. ಜಿಲ್ಲೆಯ ಹೆಸರು ಹಾಕಿದರೆ ನಾಳೆ ಬೆಳಗ್ಗೆ ಯಾವುದೋ ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಒಂದು ನೋಟಿಸ್ ಹೋಗುತ್ತದೆ. ವಿಷಯ ಅಲ್ಲಿಗೆ ಮುಗಿಯುತ್ತದೆ. ರಾಜ್ಯದ 31 ಜಿಲ್ಲೆಗಳಲ್ಲಿ ಯಾರು ಓದಿದರೂ ಇದು ತಮಗೇ ಬರೆದದ್ದು ಅಂದುಕೊಳ್ಳಲಿ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. 2023ರಲ್ಲಿ ನಮ್ಮ ಮನೆಯಲ್ಲಿ ಎರಡು ಸಾವಾಯಿತು. ಸಂಕ್ರಾಂತಿ ಕಳೆದ ವಾರಕ್ಕೆ ಅಮ್ಮ ತೀರಿಕೊಂಡರು. ಆಗಸ್ಟಿನಲ್ಲಿ ನನ್ನ ತಂಗಿಯ ಗಂಡ. ಅಮ್ಮನ ಸಾವು ನನಗೆ ಈಗ ನೆನಪು. ಗಂಡನ ಸಾವು ತಂಗಿಗೆ ಇನ್ನೂ ನಿನ್ನೆಯ ಮಾತು. ಎರಡು ವರ್ಷ ದಾಟಿದರೂ ಹಾಗೇ ಇದೆ. ಯಾಕೆ ಹೀಗೆ ಅಂತ ಯೋಚಿಸುತ್ತಾ ಹೋದರೆ ದಾರಿ ನಿಮ್ಮ ಕಚೇರಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಈ ಪತ್ರ.

ಊರಿನವರ ಹತ್ತಿರ ಸುಲಭದ ಉತ್ತರ ಇದೆ. "ಅಕ್ಕ ಗಟ್ಟಿಗಿತ್ತಿ, ತಂಗಿ ಮೆತ್ತಗೆ." ಸುಳ್ಳು. ಚಿಕ್ಕವರಿದ್ದಾಗ ಕೊಟ್ಟಿಗೆಗೆ ಹಾವು ಬಂದರೆ ದೊಣ್ಣೆ ಹಿಡಿಯುತ್ತಿದ್ದವಳು ಅವಳು. ಅಟ್ಟ ಹತ್ತುತ್ತಿದ್ದವಳು ನಾನು. ಸಾವು ಹೇಗೆ ಬಂತು, ಬಂದ ಮೇಲೆ ಏನೇನಾಯಿತು, ಅದನ್ನು ನೋಡಬೇಕು.

ಅಮ್ಮನಿಗೆ 76 ಆಗಿತ್ತು. ಎರಡು ತಿಂಗಳು ಹಾಸಿಗೆ ಹಿಡಿದಿದ್ದರು. ಹೋಗುತ್ತಾರೆ ಅಂತ ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕೊನೆಯ ದಿನ ನನ್ನ ಮುಖ ನೋಡಿ "ಒಲೆ ಆರಿಸಿದ್ಯಾ?" ಅಂದರು. ಗ್ಯಾಸ್ ಬಂದು ಇಪ್ಪತ್ತು ವರ್ಷ ಆಗಿತ್ತು. ತುಳಸಿ ನೀರು ಬಿಟ್ಟೆ. ಮೂರನೇ ದಿನ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ, ಬಂದವರೆಲ್ಲ ಉಂಡು ಹೋದರು. ನಾನು ರಜೆ ಹಾಕಿದೆ, ಸಂಬಳ ಒಂದನೇ ತಾರೀಖಿಗೆ ಬಂತು. ಅಮ್ಮನ ಸಾವಿನ ಕಾಗದ ಕೇಳಿದ್ದು ಒಂದು ಬ್ಯಾಂಕು, ಅದೂ ಒಂದೇ ಸಲ. ಅಮ್ಮ ಹಾಕಿಟ್ಟ ಉಪ್ಪಿನಕಾಯಿ ಜಾಡಿ ಖಾಲಿಯಾದ ದಿನ ಅಡುಗೆಮನೆಯಲ್ಲಿ ಕೂತು ಜೋರಾಗಿ ಅತ್ತೆ. ಮುಂದಿನ ಸಂಕ್ರಾಂತಿಗೆ ಅವರ ಬೈಗುಳಗಳನ್ನು ನೆನಪಿಸಿಕೊಂಡು ನಗುವಷ್ಟಾಗಿದ್ದೆ.

ತಂಗಿಯ ಗಂಡನಿಗೆ 37. ಸಾಲದ ಮೇಲೆ ತೆಗೆದ ಸಣ್ಣ ಗೂಡ್ಸ್ ಗಾಡಿ. ಬೆಳಗಿನ ಜಾವ ತರಕಾರಿ ತುಂಬಿಕೊಂಡು ಮಾರುಕಟ್ಟೆಗೆ ಹೋಗಿ, ಎಂಟೂವರೆಗೆ ಮನೆಗೆ ಬಂದು ತಿಂಡಿ ತಿನ್ನುತ್ತಿದ್ದರು. ಅವತ್ತು ಹೈವೇಯಲ್ಲಿ ಹಿಂದಿನಿಂದ ಬಂದ ಲಾರಿ ಗುದ್ದಿ ನಿಲ್ಲಿಸದೆ ಹೋಯಿತು. ಲಾರಿ ಇವತ್ತಿಗೂ ಸಿಕ್ಕಿಲ್ಲ. ಶವಾಗಾರದ ಹತ್ತಿರ ಹೋದಾಗ ಯಾರೋ ಹಿರಿಯರು "ಹೆಂಗಸರು ನೋಡೋದು ಬೇಡ" ಅಂದರು. ಅಲ್ಲಿದ್ದ ಸಿಬ್ಬಂದಿಯೂ ತಲೆಯಾಡಿಸಿದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ದೇಹ ಹಾಗೇ ಬಂತು, ಹಾಗೇ ಹೋಯಿತು. ತಂಗಿ ನೋಡಿದ್ದು ಎಡಗಾಲಿನ ಹೆಬ್ಬೆರಳು, ಅಷ್ಟೇ.

"ಅದು ಅವರದೇ ಕಾಲು ಅಂತ ನಿಂಗೆ ಗ್ಯಾರಂಟಿ ಇದ್ಯಾ ಅಕ್ಕಾ?" ಅಂತ ಒಂಬತ್ತು ತಿಂಗಳಾದ ಮೇಲೆ ಒಂದು ರಾತ್ರಿ ಕೇಳಿದಳು.

ಅವಳು ರಾತ್ರಿ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ರಸ್ತೆಯಲ್ಲಿ ಲಾರಿ ಬಂದರೆ ಮುಂದಿನ ಬಂಪರ್ ನೋಡುತ್ತಾಳೆ, ಎಲ್ಲಾದರೂ ತಗ್ಗಿದೆಯಾ ಅಂತ. ಗಂಡನ ಫೋನ್ ದಿನಾ ಚಾರ್ಜಿಗೆ ಹಾಕುತ್ತಾಳೆ, ಪ್ಲಾನ್ ಮುಗಿದ ದಿನವೇ ರೀಚಾರ್ಜ್ ಮಾಡಿಸುತ್ತಾಳೆ. ಮೊದಲು ನಾವೆಲ್ಲ ಇದನ್ನು ಬರೀ ಹುಚ್ಚು ಅಂದುಕೊಂಡೆವು. ಆಮೇಲೆ ಗೊತ್ತಾಯಿತು. ಗ್ಯಾಸ್ ಬುಕಿಂಗಿಗೆ, ಬ್ಯಾಂಕಿಗೆ, ಮಕ್ಕಳ ಆಧಾರಿಗೆ, ಎಲ್ಲಕ್ಕೂ ಕೊಟ್ಟಿರುವುದು ಅವರ ನಂಬರ್. ಬದಲಾಯಿಸೋಣ ಅಂತ ಹೋದರೆ "ಹಳೇ ನಂಬರಿಗೆ ಒಟಿಪಿ ಬಂದಿದೆ, ಹೇಳಿ" ಅನ್ನುತ್ತಾರೆ. ಸತ್ತ ಗಂಡನ ಫೋನಿಗೆ ಒಟಿಪಿ ಬರುತ್ತದೆ, ಹೆಂಡತಿ ಅದನ್ನು ಓದಿ ಹೇಳಬೇಕು. ಟಿಣ್ ಅಂತ ಸದ್ದಾದಾಗಲೆಲ್ಲ ಅವಳ ಮುಖದಲ್ಲಿ ಒಂದು ಕ್ಷಣ ಏನೋ ಬಂದು ಹೋಗುತ್ತದೆ. ಅದನ್ನು ನೋಡಿದರೆ ನಿಮಗೆ ಈ ಪತ್ರವೇ ಬೇಕಾಗುತ್ತಿರಲಿಲ್ಲ.

ಇದಕ್ಕೆ ಈಗ ವೈದ್ಯರ ಪಟ್ಟಿಯಲ್ಲಿ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ, ಹತ್ತಿರದವರು ಸತ್ತು ಆರು ತಿಂಗಳು ಕಳೆದರೂ ಹಂಬಲ ಒಂದಿಷ್ಟೂ ಇಳಿಯದೆ ದಿನದ ಬದುಕನ್ನೇ ಕೆಡಿಸಿದರೆ ಅದನ್ನು ಬೇರೆಯೇ ಕಾಯಿಲೆ ಅಂತ ಗುರುತಿಸಿದ್ದಾರೆ. ಆಯಾ ಜನರ ಪದ್ಧತಿಯನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತಲೂ ಹೇಳಿದ್ದಾರೆ. ಅಮೆರಿಕದ ಮನೋವೈದ್ಯರ ಪಟ್ಟಿ ದೊಡ್ಡವರಿಗೆ ಒಂದು ವರ್ಷ ಕಾಯಿರಿ ಅನ್ನುತ್ತದೆ. ನಮ್ಮ ಹಿರಿಯರದ್ದೂ ಹೆಚ್ಚುಕಮ್ಮಿ ಅದೇ ಲೆಕ್ಕ. ಸಾವಾದ ಮನೆಯಲ್ಲಿ ವರ್ಷ ಹಬ್ಬ ಮಾಡಲ್ಲ, ವರ್ಷದ ತಿಥಿ ಮುಗಿದ ಮೇಲೆ ಮತ್ತೆ ಒಬ್ಬಟ್ಟು. ನಾನು ಇದಕ್ಕೆ ಗಂಟುಬಿದ್ದ ದುಃಖ ಅನ್ನುತ್ತೇನೆ. ಎಳೆ ಅದೇ, ಬಿಚ್ಚಿಕೊಳ್ಳುವುದಿಲ್ಲ.

ಗಂಟು ಎಲ್ಲರಿಗೂ ಬೀಳುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2017ರಲ್ಲಿ ನೋಡಿದಾಗ, ಸಹಜ ಸಾವು ಕಂಡ ದೊಡ್ಡವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಹೀಗಾಗಿತ್ತು. ಅಪಘಾತ, ಕೊಲೆ, ಆತ್ಮಹತ್ಯೆ, ವಿಕೋಪದಂಥ ಸಾವುಗಳ ಅಧ್ಯಯನಗಳನ್ನು 2020ರಲ್ಲಿ ಹಾಗೆಯೇ ಒಟ್ಟು ಹಾಕಿದರು. ಆಗ ಬಂದ ಲೆಕ್ಕ ಹೆಚ್ಚುಕಮ್ಮಿ ಅರ್ಧಕ್ಕರ್ಧ. ಹತ್ತರಲ್ಲಿ ಒಬ್ಬರು ಎಲ್ಲಿ, ಇಬ್ಬರಲ್ಲಿ ಒಬ್ಬರು ಎಲ್ಲಿ! ಜೊತೆಗೆ ಹೋದವರು ಗಂಡನೋ ಹೆಂಡತಿಯೋ ಮಗುವೋ ಆಗಿದ್ದರೆ, ಕೈಯಲ್ಲಿ ಕಾಸಿಲ್ಲದಿದ್ದರೆ, ಜೊತೆಗೆ ಕೂರುವವರಿಲ್ಲದಿದ್ದರೆ ಗಂಟು ಬೀಳುವ ಸಾಧ್ಯತೆ ಇನ್ನೂ ಜಾಸ್ತಿ. ನನ್ನ ತಂಗಿಗೆ ಇದರಲ್ಲಿ ಒಂದೂ ತಪ್ಪಲಿಲ್ಲ.

ಒಂಬತ್ತನೇ ದಿನ. ಇನ್ನೂ ಸೂತಕ. ಮಹಿಳಾ ಗುಂಪಿನ ವಾರದ ಕಂತು ಕೇಳಲು ಹುಡುಗನೊಬ್ಬ ಬೈಕಿನಲ್ಲಿ ಬಂದ. ಸಾಲ ತಂಗಿಯ ಹೆಸರಿನಲ್ಲೇ ಇತ್ತು. ಹುಡುಗ ಒಳ್ಳೆಯವನೇ. ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತ, ತಲೆ ತಗ್ಗಿಸಿಕೊಂಡ, ಆದರೆ ಏಳಲಿಲ್ಲ. ನಾನು ಪರ್ಸಿನಿಂದ ತೆಗೆದುಕೊಟ್ಟ ಮೇಲೆ ಎದ್ದ. ಕಿರುಸಾಲದವರ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರವರಿಯಲ್ಲಿ. ನಮಗೆ ಅದು ತಡವಾಯಿತು, ಇರಲಿ.

ಅತ್ತೆಮನೆಯಲ್ಲಿ ಮಾತು ಶುರುವಾಯಿತು. ಇವಳ ಕಾಲ್ಗುಣ ಅಂತ. ಗಾಡಿ ತಗೊಳ್ಳಿ ಅಂತ ಹಟ ಹಿಡಿದಿದ್ದೇ ಇವಳು ಅಂತ. ಜಮೀನಿನ ಪಹಣಿ ಮಾವನ ಹೆಸರಿನಲ್ಲಿದೆ. ಮಾವ ಬದುಕಿದ್ದಾರೆ, ಹಾಗಾಗಿ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಪ್ರಶ್ನೆಯೇ ಬರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ಹಾಗಾಗಿ ಗೃಹಲಕ್ಷ್ಮಿಯ 2000 ಅತ್ತೆಯ ಖಾತೆಗೆ. ನಾಲ್ಕನೇ ತಿಂಗಳು ತಂಗಿ ಎರಡು ಮಕ್ಕಳನ್ನು ಕರೆದುಕೊಂಡು ನನ್ನ ಮನೆಯ ಹಿಂದಿನ ರೂಮಿಗೆ ಬಂದಳು. ಮಕ್ಕಳ ಶಾಲೆ ಬದಲಾಯಿತು. ಗಂಡ ಹೋದ ಮೇಲೆ ಮನೆ ಹೋಯಿತು, ಊರು ಹೋಯಿತು, ಎದುರು ಮನೆಯ ಗೆಳತಿ ಹೋದಳು. ನಾವು ಒಂದು ಸಾವನ್ನು ಲೆಕ್ಕ ಹಾಕುತ್ತೇವೆ. ಅವಳಿಗೆ ನಾಲ್ಕು.

ಆಮೇಲೆ ಗಾರ್ಮೆಂಟ್ಸ್ ಕೆಲಸ. ಮೊದಲ ವಾರವೇ ಲೈನ್ ಮೇಲ್ವಿಚಾರಕಿ ಹೇಳಿದರಂತೆ, "ಅಳೋದಾದ್ರೆ ಬಾತ್‌ರೂಮಿಗೆ ಹೋಗಿ ಅತ್ತು ಬಾರಮ್ಮ, ಬಟ್ಟೆ ಮೇಲೆ ಬಿದ್ರೆ ಪೀಸ್ ರಿಜೆಕ್ಟ್ ಆಗತ್ತೆ." ಕ್ರೂರಿ ಅಲ್ಲ ಆ ಹೆಂಗಸು. ಅವರ ಮೇಲೂ ಟಾರ್ಗೆಟ್ ಇತ್ತು. ಮನೆಯಲ್ಲಿ ಸಾವಾದರೆ ಅಂತ ಬೇರೆಯಾಗಿ ರಜೆ ನಮ್ಮ ಕಾರ್ಮಿಕ ಕಾನೂನಿನಲ್ಲಿಲ್ಲ.

ಈಗ ನಿಮ್ಮ ಕಚೇರಿಗಳ ಮಾತಿಗೆ ಬರುತ್ತೇನೆ.

ತಂಗಿಯ ಜೊತೆ ಆದಷ್ಟು ಕಡೆ ನಾನೇ ಹೋದೆ. ಲೆಕ್ಕದ ಮೇಷ್ಟ್ರು ಬುದ್ಧಿ, ಎಣಿಸುತ್ತಾ ಹೋದೆ. ಸಾವಿನ ದಾಖಲೆ, ಮರಣೋತ್ತರ ವರದಿ, ಎಫ್‌ಐಆರ್ ನಕಲು, ಪಂಚನಾಮೆ, ವಂಶವೃಕ್ಷ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು, ತಿಂಗಳಿಗೆ 800 ರೂಪಾಯಿಯ ವಿಧವಾ ವೇತನ, ಗಾಡಿ ಸಾಲದ ವಿಮೆ. ಮೊದಲ ಒಂದು ವರ್ಷದಲ್ಲಿ "ಏನಾಯ್ತಮ್ಮ? ಹೇಗೆ ಸತ್ರು?" ಅಂತ ಅವಳನ್ನು ಕೇಳಿದ್ದು 19 ಸಲ. ನಾನಿಲ್ಲದಾಗ ಎಷ್ಟೋ. ಉತ್ತರವೆಲ್ಲ ಕೈಯಲ್ಲಿದ್ದ ಕಾಗದದಲ್ಲೇ ಇತ್ತು. ಆದರೂ ಕೇಳುತ್ತಾರೆ. ಕೆಲವರು ಕನಿಕರದಿಂದ, ಕೆಲವರು ಸುಮ್ನೆ. ಹಿಂದೆ ಕ್ಯೂನಲ್ಲಿ ನಿಂತವರೂ ಕೇಳಿಸಿಕೊಳ್ಳುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ "ಸರ್ವರ್ ಇಲ್ಲ, ಸೋಮವಾರ ಬನ್ನಿ."

ಇದನ್ನು ಯಾಕೆ ಎಳೆದು ಹೇಳುತ್ತಿದ್ದೇನೆ ಅಂದರೆ, ಈ ಕಾಯಿಲೆಗೆ ಇರುವ ಚಿಕಿತ್ಸೆಯಲ್ಲೂ ಮುಖ್ಯ ಭಾಗ ಇದೇ. ಸಾವಿನ ಕಥೆ ಹೇಳುವುದು. ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ಈ ಚಿಕಿತ್ಸೆಯನ್ನು ರೂಪಿಸಿದವರು. ಸುಮಾರು 16 ಭೇಟಿ. ಅದರಲ್ಲಿ ಒಂದು ಹಂತದಲ್ಲಿ ರೋಗಿ ಕಣ್ಣು ಮುಚ್ಚಿ ಕೂತು, ಸುದ್ದಿ ಬಂದ ಗಳಿಗೆಯಿಂದ ಹಿಡಿದು ಎಲ್ಲವನ್ನೂ ಹೇಳುತ್ತಾರೆ. ಕೇಳುವವರಿಗೆ ಅವಸರ ಇರುವುದಿಲ್ಲ. ಹೇಳಿದ್ದು ಮುಗಿದ ಮೇಲೆ ಅದನ್ನು ಎತ್ತಿಡುವುದನ್ನೂ ಕಲಿಸುತ್ತಾರೆ, ಮನಸ್ಸಿಗೆ ಹಿತವಾದ ಏನಾದರೂ ಮಾಡಿಸುತ್ತಾರೆ. 2005ರಲ್ಲಿ ಅವರ ತಂಡ ಇದನ್ನು ಇನ್ನೊಂದು ಹೆಸರಾಂತ ಮಾತಿನ ಚಿಕಿತ್ಸೆಯ ಜೊತೆ ಹೋಲಿಸಿತು. ಶಿಯರ್ ಅವರ ಚಿಕಿತ್ಸೆಯಲ್ಲಿ ನೂರಕ್ಕೆ 51 ಜನರಿಗೆ ಗುಣ ಕಂಡಿತು, ಆ ಇನ್ನೊಂದರಲ್ಲಿ ನೂರಕ್ಕೆ 28 ಜನರಿಗೆ.

ಕಥೆ ಒಂದೇ. ಹೇಳುವ ಬಾಯಿಯೂ ಒಂದೇ. ಒಂದು ಕಡೆ ಕೂತು ಹೇಳಿದರೆ ಗಂಟು ಸಡಿಲವಾಗುತ್ತದೆ. ಇನ್ನೊಂದು ಕಡೆ ನಿಂತು, ಕಬ್ಬಿಣದ ಜಾಲರಿಯ ಕಿಂಡಿಗೆ ಬಾಯಿಟ್ಟು, ಹಿಂದಿನವರ ತಳ್ಳಾಟದಲ್ಲಿ 19 ಸಲ ಹೇಳಿದರೆ ಬಿಗಿಯುತ್ತದೆ.

ಸ್ಟ್ರೋಬೆ, ಶೂಟ್ ಅನ್ನುವ ಇಬ್ಬರು ಸಂಶೋಧಕರು 1999ರಲ್ಲಿ ಒಂದು ಮಾತು ಹೇಳಿದರು. ಸಾವಾದವರ ಮನಸ್ಸು ಉಯ್ಯಾಲೆಯ ಹಾಗೆ. ಒಂದು ಸಲ ಹೋದವರ ಕಡೆ, ಒಂದು ಸಲ ಇರುವ ಬದುಕಿನ ಕಡೆ. ಆ ತೂಗಾಟದಲ್ಲೇ ವಾಸಿಯಾಗುತ್ತದಂತೆ. ಉಯ್ಯಾಲೆ ಅನ್ನೋದು ನನ್ನ ಹೋಲಿಕೆ, ಅವರದ್ದಲ್ಲ. ನನಗೆ ಆ ತೂಗಾಟ ಸಿಕ್ಕಿತ್ತು. ಬೆಳಗ್ಗೆ ಒಂಬತ್ತನೇ ಕ್ಲಾಸಿಗೆ ಪೈಥಾಗೊರಸ್, ಸಂಜೆ ಅಮ್ಮನ ಸೀರೆ ಮಡಚುತ್ತಾ ಅಳು. ತಂಗಿಗೆ ಬದುಕು ಕಟ್ಟುವ ಕೆಲಸವೇ ಸಾವಿನ ಕಾಗದ ಹಿಡಿದು ಓಡುವ ಕೆಲಸವಾಯಿತು. ಮುಂದೆ ಹೋದರೂ ಅದೇ, ಹಿಂದೆ ಬಂದರೂ ಅದೇ. ಅಳಲು ಬಿಡುವಿಲ್ಲ, ಮರೆಯಲೂ ಬಿಡುವುದಿಲ್ಲ.

ಸರ್ಕಾರದ ಗಡಿಯಾರವೂ ಒಂದಿದೆ. ಸಾವನ್ನು 21 ದಿನದಲ್ಲಿ ನೋಂದಾಯಿಸಬೇಕು. ಅಪಘಾತ ಪರಿಹಾರದ ಅರ್ಜಿಗೆ, 2019ರಲ್ಲಿ ತಿದ್ದಿ 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕಾನೂನು ಆರು ತಿಂಗಳ ಗಡುವು ಹಾಕಿತು (ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ). ನನ್ನಂಥ ರಾಜ್ಯ ಸರ್ಕಾರಿ ನೌಕರರು ಸತ್ತರೆ ಅನುಕಂಪದ ನೌಕರಿಗೆ ಮನೆಯವರು ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, 1996ರ ನಿಯಮ. ಈಗ ಜೋಡಿಸಿ ನೋಡಿ. ವೈದ್ಯರು ಆರು ತಿಂಗಳು ಕಾಯಿರಿ, ವರ್ಷ ಕಾಯಿರಿ, ಆಮೇಲೆ ಕಾಯಿಲೆ ಹೌದೋ ಅಲ್ಲವೋ ಹೇಳೋಣ ಅನ್ನುತ್ತಾರೆ. ಅಷ್ಟರಲ್ಲಿ ನಿಮ್ಮ ಗಡುವುಗಳೆಲ್ಲ ಮುಗಿದಿರುತ್ತವೆ.

ಗಡುವು ತಪ್ಪುವುದು ಯಾರಿಗೆ? ಸೋಮಾರಿಗಳಿಗಲ್ಲ. ಗಂಟು ಬಿದ್ದವರಿಗೆ. ನನ್ನ ತಂಗಿ ಒಂದು ಅರ್ಜಿಗೆ ಏಳು ತಿಂಗಳು ಸಹಿ ಹಾಕಲಿಲ್ಲ. ಪೆನ್ನು ಕೈಗೆ ಕೊಟ್ಟರೆ ಪಕ್ಕಕ್ಕೆ ಇಡುತ್ತಿದ್ದಳು. ಬೈದೆ, ಬೇಡಿಕೊಂಡೆ. "ಸಹಿ ಹಾಕಿದ್ರೆ ಅವ್ರು ಸತ್ರು ಅಂತ ನಾನೇ ಒಪ್ಪಿಕೊಂಡ ಹಾಗಲ್ವಾ ಅಕ್ಕಾ?" ಅಂದಳು. ಕೆಳಗೆ ಅರ್ಜಿದಾರರ ಸಹಿ ಅಂತಿತ್ತು, ಮೇಲೆ "ದಿವಂಗತರ ಪತ್ನಿ" ಅಂತ ಅಚ್ಚಾಗಿತ್ತು. ಸಾವನ್ನು ನಂಬಲು ಆಗದೇ ಇರುವುದು ಈ ಕಾಯಿಲೆಯ ಒಂದು ಲಕ್ಷಣ. ಕಾಯಿಲೆ ಜಾಸ್ತಿ ಇದ್ದವರು ಅರ್ಜಿ ಹಾಕಲ್ಲ. ಹಾಕದಿದ್ದರೆ ದುಡ್ಡು ಬರಲ್ಲ. ದುಡ್ಡು ಬರದಿದ್ದರೆ ಸಾಲ, ಜಗಳ, ಇನ್ನೊಂದು ಮನೆ. ಕಾಯಿಲೆ ಇನ್ನಷ್ಟು. ಗಾಣದ ಎತ್ತು ಸುತ್ತಿದ ಹಾಗೆ.

ಆ ಅರ್ಜಿ ಯಾವುದು ಗೊತ್ತಾ ಸಾರ್? ಅದಕ್ಕೆ ಮಂಜೂರಾತಿ ಕೊಡಬೇಕಾದವರು ನೀವೇ. ಗುದ್ದಿದ ವಾಹನ ಸಿಗದಿದ್ದರೆ ಸತ್ತವರ ಮನೆಗೆ 2 ಲಕ್ಷ ರೂಪಾಯಿ ಕೊಡುವ ಯೋಜನೆ 2022ರ ಏಪ್ರಿಲ್ 1ರಿಂದ ಇದೆ. ಮೊದಲು 25 ಸಾವಿರ ಇತ್ತು. ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ವಿಚಾರಣೆ ಮಾಡಿ ಒಂದು ತಿಂಗಳಲ್ಲಿ ನಿಮಗೆ ವರದಿ ಕೊಡಬೇಕು, ನೀವು 15 ದಿನದಲ್ಲಿ ಮಂಜೂರು ಮಾಡಬೇಕು, ಇನ್ನು 15 ದಿನದಲ್ಲಿ ಹಣ. ಕಾಗದದ ಮೇಲೆ ಎರಡೇ ತಿಂಗಳು. ಆದರೆ ಈ ಯೋಜನೆ ಇದೆ ಅಂತ ನಮಗೆ ಹೇಳಿದವರು ಯಾರು? ಸರ್ಕಾರದವರಲ್ಲ. ವಕೀಲರೊಬ್ಬರ ಗುಮಾಸ್ತರು, ಕೋರ್ಟಿನ ಹೊರಗೆ ಟೀ ಅಂಗಡಿಯಲ್ಲಿ. ಅಷ್ಟರಲ್ಲಿ ಹತ್ತು ತಿಂಗಳು ಕಳೆದಿತ್ತು.

ನಮ್ಮೊಬ್ಬರ ಕಥೆಯಲ್ಲ ಇದು. 2022ರಲ್ಲಿ ದೇಶದಲ್ಲಿ ಹೀಗೆ ಗುದ್ದಿ ಓಡಿದ ಅಪಘಾತಗಳು 67,387. 2022-23ರ ಆರ್ಥಿಕ ವರ್ಷದಲ್ಲಿ ಬಂದ ಪರಿಹಾರದ ಅರ್ಜಿಗಳು 205. ತಪ್ಪಾಗಿ ಓದಲಿಲ್ಲ ನೀವು, ಇನ್ನೂರ ಐದು. ಈ ಲೆಕ್ಕ ಸುಪ್ರೀಂ ಕೋರ್ಟಿನ ಮುಂದೆ ಬಂತು. ವಾಹನ ಯಾವುದು ಅಂತ ಒಂದು ತಿಂಗಳಲ್ಲಿ ಗೊತ್ತಾಗದಿದ್ದರೆ ಪೊಲೀಸ್ ಠಾಣೆಯವರೇ ಮನೆಯವರಿಗೆ ಬರಹದಲ್ಲಿ ತಿಳಿಸಬೇಕು, ಯಾವ ಅಧಿಕಾರಿಯ ಬಳಿ ಹೋಗಬೇಕು ಅಂತಲೂ ಹೇಳಬೇಕು ಅಂತ 2024ರ ಜನವರಿಯಲ್ಲಿ ಕೋರ್ಟ್ ಆದೇಶಿಸಿತು. ನಮಗೆ ಅಂಥ ಕಾಗದ ಬರಲಿಲ್ಲ.

ಕೊನೆಗೆ ದುಡ್ಡು ಬಂತು, ಸುಳ್ಳು ಹೇಳಬಾರದು. ಗಾಡಿ ಸಾಲದ ಬಾಕಿಗೆ ಅರ್ಧ ಹೋಯಿತು. ಬ್ಯಾಂಕಿನಿಂದ ಮೆಸೇಜ್ ಬಂದದ್ದೂ ಗಂಡನ ಫೋನಿಗೇ. ಅವತ್ತು ತಂಗಿ ಮಧ್ಯಾಹ್ನ ಮೂರಕ್ಕೆ ಮಲಗಿದವಳು ಮರುದಿನ ಬೆಳಗ್ಗೆ ಎದ್ದಳು. ಎಷ್ಟೋ ತಿಂಗಳಿಂದ ಹಾಗೆ ನಿದ್ದೆ ಮಾಡಿರಲಿಲ್ಲ.

ಅದಾದ ಮೇಲೇ ಅವಳು ಆಸ್ಪತ್ರೆಗೆ ಬರಲು ಒಪ್ಪಿದ್ದು. ಅಲ್ಲೀವರೆಗೆ ಎರಡು ತಾಯತ, ಒಂದು ಮಂಡೆ ಹರಕೆ, "ಗಾಳಿ ಸೋಕಿದೆ" ಅಂದವರ ನಿಂಬೆಹಣ್ಣು, ಎಲ್ಲ ಆಗಿತ್ತು. ಒಂದು ರಾತ್ರಿ ನಾನೇ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇರುವ ಉಚಿತ ನಂಬರ್. ಕನ್ನಡದಲ್ಲೇ ಮಾತಾಡಿದರು, ಅವಸರ ಮಾಡಲಿಲ್ಲ. ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ಮಂಗಳವಾರ ಹೋಗಿ ಅಂದರು. ಮಂಗಳವಾರ ಫ್ಯಾಕ್ಟರಿಗೆ ರಜೆ ಹಾಕಿದರೆ ಆ ದಿನದ ಕೂಲಿ ಖೋತಾ, ಆದರೂ ಹೋದೆವು. ವೈದ್ಯರು ನಿದ್ದೆಗೆ ಮಾತ್ರೆ ಕೊಟ್ಟು, ಇದು ಮಾತ್ರೆಯಿಂದಷ್ಟೇ ಹೋಗುವುದಲ್ಲ ಅಂತ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಆಪ್ತಸಮಾಲೋಚಕಿ ಒಬ್ಬರು ಅವಳನ್ನು ಕೂರಿಸಿಕೊಂಡರು. ನಾಲ್ಕನೇ ಭೇಟಿಯಲ್ಲಿ ಅವಳು ಮೊದಲ ಸಲ ಪೂರ್ತಿ ಕಥೆ ಹೇಳಿದಳು, ಹೆಬ್ಬೆರಳಿನ ತನಕ. ನಾನು ಹೊರಗೆ ಬೆಂಚಿನ ಮೇಲಿದ್ದೆ. ಬಂದವಳು "ಕಾಫಿ ಕುಡಿಯೋಣ ಅಕ್ಕಾ" ಅಂದಳು. ಅವಳೇ ಕೇಳಿ ಕಾಫಿ ಕುಡಿದಿದ್ದು ನನಗೆ ನೆನಪಿರುವ ಹಾಗೆ ಎರಡು ವರ್ಷಕ್ಕೆ ಅದೇ ಮೊದಲು.

ಪೂರ್ತಿ ಗುಣ ಆಗಿದೆ ಅಂತ ಹೇಳುತ್ತಿಲ್ಲ. ಚಿಲಕ ಈಗಲೂ ಹಾಕಲ್ಲ. ಆದರೆ ಬಂಪರ್ ನೋಡುವುದು ಕಮ್ಮಿಯಾಗಿದೆ.

ನೀವು ಏನು ಮಾಡಬಹುದು? ಹೊಸ ಯೋಜನೆ, ಹೊಸ ಹೆಸರು, ಉದ್ಘಾಟನೆ ಯಾವುದೂ ಬೇಡ. ಹೆರಿಗೆಯಾದ ಮನೆಗೆ ನಮ್ಮ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಬರುತ್ತಾರೆ. ಮಗುವಿನ ತೂಕ, ತಾಯಿಯ ಆರೋಗ್ಯ ಎಲ್ಲ ನೋಡುತ್ತಾರೆ. ಸಾವಾದ ಮನೆಗೆ ಸರ್ಕಾರದ ಕಡೆಯಿಂದ ಯಾರು ಬರುತ್ತಾರೆ? ನಾನಂತೂ ನೋಡಿಲ್ಲ. ತಿಥಿ ಮುಗಿದ ವಾರದಲ್ಲಿ ಗ್ರಾಮ ಆಡಳಿತ ಅಧಿಕಾರಿ ಒಂದು ಸಲ ಬರಲಿ. ಯಾವ ಅರ್ಜಿ, ಎಲ್ಲಿ, ಎಷ್ಟು ದಿನದೊಳಗೆ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಲಿ. ಸಹಿ ಮಾಡದಿದ್ದರೆ ಬೈಯದೆ ಇನ್ನೊಂದು ಸಲ ಬರಲಿ. ಆರು ತಿಂಗಳಿಗೆ ಆಶಾ ಕಾರ್ಯಕರ್ತೆ ಒಮ್ಮೆ ಬಂದು "ನಿದ್ದೆ ಬರತ್ತಾ? ಊಟ ಸೇರತ್ತಾ?" ಅಂತ ಕೇಳಲಿ. ಅವರಿಗೆ ಅದಕ್ಕೆ ಭತ್ಯೆಯನ್ನೂ ಕೊಡಿ, ಈಗಾಗಲೇ ಅವರ ಮೇಲೆ ಹೇರಿರುವುದು ಕಮ್ಮಿಯೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ತರಬೇತಿ ಕೊಟ್ಟು ತೋರಿಸಿದ್ದೇ ಆಮೇಲೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ.

ಕೌಂಟರಿನಲ್ಲಿ "ಹೇಗೆ ಸತ್ರು" ಅಂತ ಕೇಳಬಾರದು ಅನ್ನುವುದಕ್ಕೆ ಒಂದು ಸುತ್ತೋಲೆ ಸಾಕು. ಎಫ್‌ಐಆರ್ ನಕಲಿದ್ದರೆ ಅದನ್ನು ಓದಿಕೊಳ್ಳಲಿ. ಶವಾಗಾರದಲ್ಲಿ ಮುಖ ನೋಡಬೇಕೋ ಬೇಡವೋ ಅನ್ನೋದನ್ನ ಹೆಂಡತಿಯನ್ನೇ ಕೇಳಲಿ, ಅವಳ ಮಾವನನ್ನಲ್ಲ. ಬೇಡ ಅಂದರೆ ಬೇಡ. ಕೇಳಬೇಕು ಅಷ್ಟೇ.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಅಂತ ಅನುಮಾನ ಇತ್ತು. ಹನ್ನೊಂದನೇ ದಿನ ತಂಗಿಯ ಬಳೆ ಒಡೆದರು. ನಾನು ಅಲ್ಲೇ ಇದ್ದೆ. ಓದಿದವಳು, ಪಾಠ ಹೇಳುವವಳು, ಬಾಯಿ ಬಿಡಲಿಲ್ಲ. ಆ ಚೂರು ಅವಳ ಮಣಿಕಟ್ಟಿಗೆ ತಾಗಿ ಆದ ಗಾಯದ ಗುರುತು ಇನ್ನೂ ಇದೆ. ನಮ್ಮ ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಹೇರವಾಡ ಅನ್ನುವ ಹಳ್ಳಿಯಲ್ಲಿ 2022ರ ಮೇ ತಿಂಗಳಲ್ಲಿ ಗ್ರಾಮಸಭೆ ಸೇರಿ, ಇನ್ನು ಮುಂದೆ ನಮ್ಮೂರಲ್ಲಿ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇಲ್ಲ ಅಂತ ತೀರ್ಮಾನ ಮಾಡಿದರು. ಅದೇ ತಿಂಗಳು ಅಲ್ಲಿನ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಅದೇ ದಾರಿ ಹಿಡಿಯಿರಿ ಅಂತ ಬರೆಯಿತು. ನಿಮ್ಮ ಜಿಲ್ಲೆಯ ಪಂಚಾಯಿತಿಗಳಿಗೂ ಇಂಥದೊಂದು ಕಾಗದ ಹೋದರೆ ಒಳ್ಳೆಯದು. ಬಾಯಿ ಬಿಡದ ನನ್ನಂಥ ಅಕ್ಕಂದಿರಿಗೆ ಕೈಯಲ್ಲಿ ಹಿಡಿಯಲು ಏನಾದರೂ ಇರುತ್ತದೆ.

ಕೊನೆಗೆ ನನ್ನ ಸ್ವಂತದ ಒಂದು ಕೋರಿಕೆ. ಆ ಗೂಡ್ಸ್ ಗಾಡಿ ಈಗಲೂ ಪೊಲೀಸ್ ಠಾಣೆಯ ಕಾಂಪೌಂಡಿನ ಪಕ್ಕ ರಸ್ತೆ ಕಡೆಗೇ ನಿಂತಿದೆ. ಹಿಂಭಾಗ ನಜ್ಜುಗುಜ್ಜಾಗಿದೆ. ಮುಂದಿನ ಗಾಜಿನ ಮೇಲೆ ಅವರೇ ಅಂಟಿಸಿದ್ದ ಮಕ್ಕಳ ಹೆಸರು ಹಾಗೇ ಇದೆ. ಠಾಣೆಗಳಲ್ಲಿ ವಾಹನಗಳನ್ನು ಹೀಗೆ ವರ್ಷಗಟ್ಟಲೆ ನಿಲ್ಲಿಸಬೇಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಬಿಡಿಸಿಕೊಳ್ಳೋಣ ಅಂದರೆ ಅದಕ್ಕೂ ಕಾಗದ, ಅದಕ್ಕೂ ಅವಳ ಸಹಿ. ತಂಗಿ ಫ್ಯಾಕ್ಟರಿಗೆ ಹೋಗುವ ಬಸ್ಸು ದಿನಾ ಅದರ ಮುಂದೆಯೇ ಹಾದುಹೋಗುತ್ತದೆ. ಅವಳು ಹೋಗುವಾಗ ಎಡಗಡೆ ಸೀಟು, ಬರುವಾಗ ಬಲಗಡೆ ಸೀಟು ಹುಡುಕುತ್ತಾಳೆ. ಸೀಟು ಸಿಗದ ದಿನ ಕಣ್ಣು ಮುಚ್ಚಿಕೊಂಡು ಕಂಬ ಹಿಡಿದು ನಿಲ್ಲುತ್ತಾಳೆ. ಗಾಡಿಯ ನಂಬರ್ ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸುತ್ತೇನೆ. ದಯವಿಟ್ಟು ಅದನ್ನು ಅಲ್ಲಿಂದ ತೆಗೆಸಿ. ಅದಕ್ಕೆ ಸಮಯ ಬೇಕು ಅಂದರೆ, ಅಲ್ಲೀವರೆಗೆ ಒಂದು ಟಾರ್ಪಾಲ್ ಹೊದಿಸಿ. ಟಾರ್ಪಾಲ್ ನಾನೇ ತಂದುಕೊಡುತ್ತೇನೆ.

ಇತಿ,
ಒಬ್ಬ ಗಣಿತದ ಮೇಡಂ